ಬ್ಯಾಟು ಬಿಟ್ಟು ಓಡುವುದು

ನಮ್ಮ ಊರಿನ ಬೇಸ್‌ಬಾಲ್ ತಂಡಕ್ಕೆ ಏನೇನು ಕೊರತೆ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಚೆಂಡೆಸೆಯುವ ಪಿಚರ್ ಇರುವುದು ಒಬ್ಬನೇ, ಆಗಸ್ಟ್ ಹೊತ್ತಿಗೆ ಅವನ ತೋಳು ಸೋತುಹೋಗುತ್ತದೆ, ಇನ್ನೊಬ್ಬ ಬೇಕು. ಮೂರನೇ ಬೇಸ್‌ನಲ್ಲಿ ನಿಲ್ಲಬೇಕಾದವನು ಬೇಸಿಗೆ ಬಂದ ಕೂಡಲೇ ಸರೋವರದ ದಂಡೆಯ ಮರದ ಮನೆಗೆ ಓಡುತ್ತಾನೆ, ಜುಲೈ ಪೂರ್ತಿ ನಾಪತ್ತೆ. ಚೆಂಡು ತಡೆಯುವ ಹಿಂದಿನ ಬಲೆಯಲ್ಲಿ ತೂತು. ಬ್ಯಾಟು ಬೀಸುವವರಲ್ಲಿ ಅರ್ಧ ಜನಕ್ಕೆ ತಾಳ್ಮೆಯೇ ಇಲ್ಲ, ಬಿಡಬೇಕಾದ ಚೆಂಡಿಗೂ ಬೀಸುತ್ತಾರೆ. ಕಳೆದ ಸೀಸನ್ನಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಇಂಥ ತಂಡದಲ್ಲಿ ಕೊರತೆಯಿಲ್ಲದ ಜಾಗ ಒಂದೇ ಒಂದಿತ್ತು, ಕ್ಯಾಚರ್ ಜಾಗ. ಅಲ್ಲಿ ಕೂರುತ್ತಿದ್ದವಳು ನನ್ನ ಹೆಂಡತಿ. ಆ ಜಾಗ ಅವಳ ಕೈತಪ್ಪುವ ಹಾಗೆ ಮಾಡಲು ಹೊರಟವನು ನಾನು.

ಮೂರು ವರ್ಷದ ಹಿಂದೆ ನಾವು ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದ ಹೊಸತು. ನನ್ನ ಆಫೀಸಿನ ಹಿರಿಯ ಎಂಜಿನಿಯರೊಬ್ಬ ಈ ತಂಡದ ಕೋಚ್. ಒಂದು ದಿನ ಫಿಕಾಕ್ಕೆ, ಅಂದರೆ ಇಲ್ಲಿನ ಕಾಫಿ ವಿರಾಮಕ್ಕೆ, ಕೂತಿದ್ದಾಗ, ನೀನು ಇಂಡಿಯಾದವನು, ಬ್ಯಾಟು ಹಿಡಿದು ಗೊತ್ತಿರಬೇಕಲ್ಲ, ಶನಿವಾರ ಬಾ ಅಂದ. ಕೆಳಗಿನ ಡಿವಿಜನ್ನಿನ ತಂಡ. ಆಡುವವರೇ ಸಿಗದ ಕಾರಣ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಯಾರು ಬಂದರೂ ನೋಡುತ್ತಿದ್ದರು. ಬೆಂಗಳೂರಿನ ನಮ್ಮ ಲೇಔಟಿನ ಕ್ರಿಕೆಟ್ ತಂಡಕ್ಕೆ ನಾನು ಹತ್ತು ವರ್ಷ ವಿಕೆಟ್ ಕೀಪರ್ ಆಗಿದ್ದವನು. ಎದೆಯುಬ್ಬಿಸಿಕೊಂಡು ಹೋದೆ. ಮನೆಯಲ್ಲಿ ಕೂತು ಏನು ಮಾಡುತ್ತಾರೆ ಎಂದು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದೆ.

ಎರಡನೇ ಚೆಂಡನ್ನೇ ಚೆನ್ನಾಗಿ ಹೊಡೆದೆ. ಹೊಡೆದು ಓಡಿದೆ, ಬ್ಯಾಟು ಕೈಯಲ್ಲಿ ಹಿಡಿದುಕೊಂಡೇ. ಮೊದಲನೇ ಬೇಸ್ ಇನ್ನೂ ಎರಡು ಮಾರು ದೂರ ಇರುವಾಗಲೇ ಬಗ್ಗಿ, ಬ್ಯಾಟು ಚಾಚಿ, ಕ್ರೀಸಿಗೆ ಊರುವ ಹಾಗೆ ನೆಲಕ್ಕೆ ಊರಿ, ರನ್ ಆಯಿತೆಂಬ ನೆಮ್ಮದಿಯಲ್ಲಿ ನಿಂತುಬಿಟ್ಟೆ. ಚೆಂಡು ಹಿಡಿದು ನಿಂತಿದ್ದವನು ಸಾವಕಾಶವಾಗಿ ಬಂದು ನನ್ನ ಹೆಗಲಿಗೆ ಮುಟ್ಟಿಸಿದ. ಔಟ್. ಮೈದಾನವೆಲ್ಲ ನಕ್ಕಿತು. ಬೇಸ್‌ಬಾಲಿನಲ್ಲಿ ಹೊಡೆದ ಮೇಲೆ ಬ್ಯಾಟು ಅಲ್ಲೇ ಬಿಟ್ಟು ಬರಿಗೈಯಲ್ಲಿ ಓಡಬೇಕು, ಕಾಲಿನಿಂದ ಬೇಸ್ ಮುಟ್ಟಬೇಕು. ಹೇಳಿಕೊಟ್ಟರು. ಮರುಸಲವೂ ಬ್ಯಾಟು ಹಿಡಿದೇ ಓಡಿದೆ. ಅದರ ಮರುಸಲವೂ.

ನನ್ನ ಹೆಂಡತಿ ಉಡುಪಿಯ ಕಡೆಯವಳು. ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಿದ್ದಾಳೆಂದು ನನಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಅವತ್ತೇ ಗೊತ್ತಾದದ್ದು. ಹೊಡೆದಳು, ಬ್ಯಾಟನ್ನು ಪಕ್ಕಕ್ಕೆ ಎಸೆದಳು, ಓಡಿದಳು. ಆಮೇಲೆ ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿ ಬ್ಯಾಟ್ಸ್‌ಮನ್ನಿನ ಹಿಂದೆ, ಕ್ಯಾಚರ್ ಜಾಗದಲ್ಲಿ ಕೂರಿಸಿದರು. ಅದು ಕ್ರಿಕೆಟ್ಟಿನ ವಿಕೆಟ್ ಕೀಪರ್ ಜಾಗ, ನ್ಯಾಯವಾಗಿ ನನ್ನ ಜಾಗ. ಬಂದ ಚೆಂಡನ್ನೆಲ್ಲ ಹಿಡಿದಳು. ಅಭ್ಯಾಸ ಮುಗಿಯುವ ಹೊತ್ತಿಗೆ ಅವಳು ತಂಡದಲ್ಲಿದ್ದಳು. ಕೋಚ್ ನನ್ನ ಬೆನ್ನು ತಟ್ಟಿ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಕೈಗಿಟ್ಟ. ನಮಗೆ ಸ್ಕೋರ್ ಬರೆಯುವವರು ಬೇಕು ಅಂದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಆ ವಾರವಿಡೀ, ಇದೂ ಒಂದು ಆಟವೇ, ಚೆಂಡು ನೆಲಕ್ಕೆ ಪುಟಿಯುವುದೇ ಇಲ್ಲ ಎಂದು ಗೊಣಗಿದೆ. ಆದರೆ ಶನಿವಾರ ಬಂದರೆ ಬೆಂಚಿನ ಮೇಲೆ ಹಾಜರ್. ಸುಳ್ಳೇಕೆ ಹೇಳಲಿ, ಆ ತಂಡದ ಮೇಲೆ ಪ್ರಾಣ ಇಟ್ಟಿದ್ದೆ. ಗೆದ್ದರೆ ವಾರವೆಲ್ಲ ಹಬ್ಬ, ಸೋತರೆ ಸೋಮವಾರ ಆಫೀಸಿನಲ್ಲಿ ಯಾರೊಂದಿಗೂ ಮಾತಿಲ್ಲ. ಎಲ್ಲರೂ ಗೆಲ್ಲಲಿ, ಅವಳೊಬ್ಬಳು ಮಾತ್ರ ಅಷ್ಟು ಚೆನ್ನಾಗಿ ಆಡದೆ ಇರಲಿ ಎಂಬಂಥ ಅಭಿಮಾನ ನನ್ನದು. ಎರಡು ಸೀಸನ್ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಮೂರನೇ ಸೀಸನ್ನಿಗೆ ಹೊಸ ಪಿಚರ್ ಬಂದ. ಲಿಫ್ಟ್ ರಿಪೇರಿ ಮಾಡುವ ಕೆಲಸ, ಎಡಗೈಯವನು, ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಮಾತು ಕಡಿಮೆ. ಎಸೆಯುವ ಮೊದಲು ಯಾವ ಚೆಂಡು ಎಂದು ಕ್ಯಾಚರ್ ಬೆರಳಲ್ಲಿ ಗುಟ್ಟಾಗಿ ಹೇಳಬೇಕು, ಅದು ಆಟದ ಪದ್ಧತಿ. ನನ್ನ ಹೆಂಡತಿ ಕುಕ್ಕರುಗಾಲಲ್ಲಿ ಕೂತು, ಎದುರಾಳಿಗಳಿಗೆ ಕಾಣದ ಹಾಗೆ ಒಂದು ಬೆರಳು ತೋರಿಸುವಳು, ಅವನು ತಲೆಯಾಡಿಸುವನು. ಮುಂದಿನ ಚೆಂಡಿಗೆ ಎರಡು ಬೆರಳು ತೋರಿಸುವಳು, ಅವನು ಬೇಡ ಅನ್ನುವನು. ಮತ್ತೆ ಮೂರು, ಇಬ್ಬರಿಗೂ ಒಪ್ಪಿಗೆ. ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಲು ನಮಗೆ ಹತ್ತು ಮಾತು ಬೇಕು. ಇವರಿಬ್ಬರಿಗೆ ಬೆರಳು ಸಾಕು. ಆ ಬೆರಳುಗಳ ಅರ್ಥವೇನು ಎಂದು ಮನೆಯಲ್ಲಿ ಒಮ್ಮೆ ಕೇಳಿದೆ. ಹೇಳಬಾರದು ಎಂದಳು. ಆ ರಾತ್ರಿ ಊಟ ಸೇರಲಿಲ್ಲ.

ನನ್ನ ಮುಖ ನೋಡಿ ಒಂಬತ್ತು ವರ್ಷದ ಮಗಳು ಒಂದು ದಿನ ಬಸ್ಸಿನಲ್ಲಿ ಸ್ವೀಡಿಷ್ ಪದ ಸೇರಿಸಿ ಕೇಳಿದಳು, "ಪಪ್ಪಾ, ನಿನಗೆ ಆವುಂಡ್‌ಶುಕ್ಕಾ?"

"ಹಂಗಂದ್ರೇನು? ಸ್ವಾರ್ಟ್‌ಶುಕ್ ಅಂತಾರಲ್ಲ, ಅದಾ?" ಅಂದೆ.

"ಅಲ್ಲಪ್ಪಾ!" ಎಂದು ಅವಳು ಟೀಚರಿನಂತೆ ವಿವರಿಸಿದಳು. ಅಮ್ಮನ ಹತ್ತಿರ ಇರುವುದು ನಿನಗೆ ಬೇಕು ಅನ್ನಿಸಿದರೆ ಆವುಂಡ್‌ಶುಕ್. ಅಮ್ಮನನ್ನೇ ಯಾರೋ ಕರೆದುಕೊಂಡು ಹೋಗುತ್ತಾರೆ ಎಂದು ಹೆದರಿದರೆ ಸ್ವಾರ್ಟ್‌ಶುಕ್. ಬೇರೆ ಬೇರೆ ಕಾಯಿಲೆ. ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಎರಡಕ್ಕೂ ಒಂದೇ ಹೊಟ್ಟೆ, ಒಂದೇ ಕಿಚ್ಚು.

ಈಗ ಪುಸ್ತಕದ ವಿಷಯ. ಚೆಂಡು ಕ್ಯಾಚರ್ ಕೈತಪ್ಪಿ ಹಿಂದೆ ಹೋಗಿ ಎದುರಾಳಿ ಮುಂದಿನ ಬೇಸ್‌ಗೆ ಓಡಿದರೆ ಸ್ಕೋರ್ ಬರೆಯುವವನು ತೀರ್ಪು ಕೊಡಬೇಕು. ಎಸೆದದ್ದೇ ಕೆಟ್ಟದಾಗಿದ್ದರೆ ಡಬ್ಲ್ಯೂ.ಪಿ., ಅಂದರೆ ವೈಲ್ಡ್ ಪಿಚ್, ತಪ್ಪು ಪಿಚರಿನದು. ಹಿಡಿಯಬಹುದಾಗಿದ್ದನ್ನು ಬಿಟ್ಟರೆ ಪಿ.ಬಿ., ಅಂದರೆ ಪಾಸ್ಡ್ ಬಾಲ್, ತಪ್ಪು ಕ್ಯಾಚರಿನದು. ಕ್ರಿಕೆಟ್ಟಿನಲ್ಲಿ ವೈಡಿಗೂ ಬೈಗೂ ಇರುವ ವ್ಯತ್ಯಾಸವೇ. ಅಂಪೈರ್ ಇದರಲ್ಲಿ ತಲೆಹಾಕುವುದಿಲ್ಲ. ಪೆನ್ಸಿಲ್ ಹಿಡಿದವನು ಬರೆದದ್ದೇ ಕೊನೆ.

ಜೂನಿನ ಒಂದು ಶನಿವಾರ ಅವನು ಎಸೆದ ಚೆಂಡು ಮಣ್ಣಿಗೆ ಬಡಿದು ಅವಳ ಮೊಣಕಾಲ ಪಕ್ಕದಿಂದ ನುಸುಳಿತು. ಕುರುಡನೂ ಡಬ್ಲ್ಯೂ.ಪಿ. ಅನ್ನುತ್ತಿದ್ದ. ಅವಳು ಎದ್ದು ಅವನ ಹತ್ತಿರ ಹೋಗಿ, ಗ್ಲವ್ಸಿನಿಂದ ಬಾಯಿ ಮುಚ್ಚಿಕೊಂಡು ಏನೋ ಹೇಳಿದಳು. ಯಾವತ್ತೂ ನಗದವನು ನಕ್ಕ. ನಾನು ಪಿ.ಬಿ. ಎಂದು ಬರೆದೆ. ಬರೆದ ಕೂಡಲೇ ಎದೆ ಹಗುರಾಯಿತು, ಅದನ್ನೂ ಹೇಳಿಬಿಡುತ್ತೇನೆ. ಪಿ.ಬಿ. ಹೆಚ್ಚಾಗಿ ಅವಳು ಆ ಜಾಗ ಬಿಟ್ಟರೆ ನನ್ನ ಜಾಗದಲ್ಲಿ ಅವಳು ಮಿಂಚುವುದನ್ನು ನೋಡಬೇಕಾಗಿರಲಿಲ್ಲ. ಬೆರಳಿನ ಮಾತೂ ನಿಲ್ಲುತ್ತಿತ್ತು. ಬೆಂಚಿನಲ್ಲಿ ನನ್ನ ಪಕ್ಕ ಕೂತು ಅವಳೂ ಚಕ್ಕುಲಿ ತಿನ್ನಬಹುದಿತ್ತು. ಸೆಪ್ಟೆಂಬರ್ ಮುಗಿಯುವಾಗ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹನ್ನೊಂದು ಪಿ.ಬಿ. ಇದ್ದವು.

ಅಕ್ಟೋಬರಿನಲ್ಲಿ ಸೀಸನ್ ಮುಗಿಸುವ ಸಭೆ. ಮೈದಾನದ ಪಕ್ಕದ ಮರದ ಗುಡಿಸಿಲಲ್ಲಿ ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿ ಬನ್ನು. ಚಳಿಗಾಲಕ್ಕೆ ಮನೆಗೆ ಒಯ್ಯಲೆಂದು ಅವಳ ಕಿಟ್ ಬ್ಯಾಗನ್ನು ನಾನೇ ಹೆಗಲಿಗೇರಿಸಿ ಕೂತಿದ್ದೆ. ಕೋಚ್ ಪುಸ್ತಕದ ಹಾಳೆಗಳನ್ನು ಕಾಪಿ ತೆಗೆಸಿ ಎಲ್ಲರಿಗೂ ಹಂಚಿ, ಬಿಳಿ ಬೋರ್ಡಿನಲ್ಲಿ ಕೊರತೆಗಳನ್ನು ಬರೆಯುತ್ತ ಹೋದ. ಪಿಚರ್. ಮೂರನೇ ಬೇಸ್. ಬಲೆ. ನಾಲ್ಕನೆಯದು, ಕ್ಯಾಚರ್.

"ಹನ್ನೊಂದು ಬಹಳವಾಯಿತು," ಅಂದ ಕೋಚ್. "ಓರೆಬ್ರೂ ತಂಡದಲ್ಲಿ ಒಬ್ಬ ಹೆಚ್ಚುವರಿ ಕ್ಯಾಚರ್ ಇದ್ದಾನೆ, ಕೇಳಿ ನೋಡುತ್ತೇನೆ. ಇವಳು ಹೊರಗೆ ಫೀಲ್ಡಿಂಗಿಗೆ ಹೋಗಲಿ."

ಎಲ್ಲರಿಗಿಂತ ಮೊದಲು ಮಾತಾಡಿದವನು ಆ ಉದ್ದದ ಮನುಷ್ಯ. "ಇದು ಸರಿಯಿಲ್ಲ. ಅದರಲ್ಲಿ ಎಷ್ಟೋ ನನ್ನ ಕೆಟ್ಟ ಚೆಂಡುಗಳು."

"ನೀನು ಒಳ್ಳೆಯವನು," ಅಂದ ಕೋಚ್. "ಆದರೆ ಪ್ರೊಟೊಕೋಲ್‌ನಲ್ಲಿ ಹೀಗಿದೆ."

ಪ್ರೊಟೊಕೋಲ್ ಅಂದರೆ ಬರೆದಿಟ್ಟ ದಾಖಲೆ. ಈ ದೇಶದಲ್ಲಿ ಅಲ್ಲಿಗೆ ಮಾತು ಮುಗಿಯಿತು. ಬರೆಯುವವನು ಸುಳ್ಳು ಬರೆದಾನು ಎಂದು ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. ಇವನು ಒಳ್ಳೆಯವನೂ ಆಗಬೇಕಿತ್ತೇ ಎಂದು ನನಗೆ ಇನ್ನಷ್ಟು ಉರಿಯಿತು. ಹೆಂಡತಿ ಹಾಳೆಯ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಕೊನೆಯ ಸಾಲಿಗೆ ಬಂದು ತಲೆಯೆತ್ತಿ ನನ್ನನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಜೇಬಿನ ಪೆನ್ಸಿಲಿಗೆ ಹೋಯಿತು.

ಎದ್ದು ನಿಂತೆ. "ಪುಸ್ತಕ ತಪ್ಪು," ಅಂದೆ. "ಬೇಕಂತಲೇ ತಪ್ಪು ಬರೆದೆ."

"ಯಾಕೆ?" ಅಂದ ಕೋಚ್. ನಿಜವಾಗಿಯೂ ಅರ್ಥವಾಗದವನ ದನಿ.

ಮಗಳು ಹೇಳಿಕೊಟ್ಟ ಎರಡು ಪದ ನೆನಪಿದ್ದವು, ಯಾವುದಕ್ಕೆ ಯಾವುದು ಎಂಬುದು ಮರೆತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ಯಾಗ್ ವಾರ್ ಸ್ವಾರ್ಟ್‌ಶುಕ್."

ಪಿಚರ್ ಕೈಯಲ್ಲಿದ್ದ ಬನ್ನನ್ನು ಮೆಲ್ಲಗೆ ತಟ್ಟೆಗೆ ಇಟ್ಟ, ಅವನ ಕಿವಿ ಕೆಂಪಾಯಿತು. ಯಾರೋ ಕೆಮ್ಮಿದರು. ಆಗ ನನಗೆ ಮಗಳ ಪಾಠ ಪೂರ್ತಿ ನೆನಪಾಯಿತು: ಹೆಂಡತಿಯನ್ನು ಯಾರೋ ಕರೆದುಕೊಂಡು ಹೋಗುತ್ತಾರೆಂದು ಹೆದರಿದ್ದೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ.

"ಆವುಂಡ್‌ಶುಕ್ ಅನ್ನಲು ಹೊರಟೆಯೇನೋ?" ಎಂದು ಕೋಚ್ ನನ್ನನ್ನು ಪಾರುಮಾಡಲು ನೋಡಿದ.

ಹೌದು ಅಂದಿದ್ದರೆ ಭಾಷೆ ಬಾರದವನ ತಪ್ಪೆಂದು ನಕ್ಕು ಮುಗಿಯುತ್ತಿತ್ತು. ಆದರೆ ಹೆಂಡತಿ ನೋಡುತ್ತಿದ್ದಳು. "ಎರಡೂ," ಅಂದೆ.

ಅವಳು ಎದ್ದು ಬೋರ್ಡಿನ ಹತ್ತಿರ ಹೋದಳು. ಕೋಚ್ ಕೈಯಿಂದ ಮಾರ್ಕರ್ ತೆಗೆದುಕೊಂಡು ಕ್ಯಾಚರ್ ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, ಸ್ಕೋರ್ ಬರೆಯುವವರು, ಎಂದು ಬರೆದಳು. ನಾನು ಜೇಬಿನಿಂದ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟೆ.

ಬಸ್ ಸ್ಟಾಪಿಗೆ ಹತ್ತು ನಿಮಿಷದ ದಾರಿ. ಬೇರೆ ಕನ್ನಡದವರ ನಡುವೆ ಅವಳು ಊರಿನ ಮಾತನ್ನು ಅಡಗಿಸಿಟ್ಟು ಬೆಂಗಳೂರಿನವರ ಹಾಗೆ ಮಾತಾಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ಉಡುಪಿ ಹೊರಗೆ ಬರುತ್ತದೆ.

"ಈ ಸೀಸನ್ನಲ್ಲಿ ನಿಜವಾಗಿ ನಾನು ಬಿಟ್ಟದ್ದು ಎಷ್ಟುಂಟು?" ಎಂದು ಕೇಳಿದಳು.

"ಎರಡು."

"ಮೂರು. ಮೇ ತಿಂಗಳಲ್ಲಿ ಒಂದು ನಾನೇ ಬಿಟ್ಟದ್ದು. ಅದಕ್ಕೆ ನೀನು ಡಬ್ಲ್ಯೂ.ಪಿ. ಹಾಕಿ ಅವನ ತಲೆಗೆ ಕಟ್ಟಿದ್ದಿ. ಅದನ್ನೂ ಕೋಚಿಗೆ ಹೇಳ್ಬೇಕು."

ಮೇ ತಿಂಗಳಲ್ಲಿ ನನಗೆ ಸ್ವಾರ್ಟ್‌ಶುಕ್ ಕಾಯಿಲೆಯೇ ಜೋರಾಗಿತ್ತು, ಅವಳ ತಪ್ಪನ್ನು ಅವನಿಗೆ ಹೊರಿಸಿದ ಆ ಪುಟವೇ ಅದನ್ನು ಹೇಳುತ್ತಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ನಾನು ಹತ್ತು ವರ್ಷ ಕೀಪಿಂಗ್ ಮಾಡಿದವನು, ಬೆಂಚಿನಲ್ಲಿ ಕೂರುವುದು ಎಷ್ಟು ಕಷ್ಟ ಗೊತ್ತಾ ಎಂದೇನೋ ಶುರುಮಾಡಿದೆ.

"ಎಂತ ಮಾರಾಯ," ಅಂದಳು. "ಮೂರು ವರ್ಷ ಆಯ್ತು. ಬ್ಯಾಟು ಬಿಟ್ಟು ಓಡ್ಲಿಕ್ಕೆ ನಿಂಗೆ ಇನ್ನೂ ಬರುದಿಲ್ಲ ಅಲ್ಲಾ."

ಬಸ್ಸು ಬಂತು. ನನ್ನ ಹೆಗಲಿನಿಂದ ಕಿಟ್ ಬ್ಯಾಗನ್ನು ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡು ಅವಳು ಮೊದಲು ಹತ್ತಿದಳು. ನಾನು ಬರಿಗೈಯಲ್ಲಿ ಹಿಂದೆ ಹತ್ತಿದೆ.