ರಿಜೆಕ್ಟ್ ಬಾಯಿಯ ಐದನೇ ಟ್ಯೂಬು

ಗೋರೆಗಾಂವ್‌ನ ಈ ಲ್ಯಾಬ್ ಟೆಕ್ನಿಷಿಯನ್ ಕಾಲೇಜಿನ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಒಳಗೆ ಲ್ಯಾಬಿನಲ್ಲಿ ಡಾ. ದಾನವ್ವ ಇವತ್ತಿನ ಪ್ರಾಯೋಗಿಕ ಪರೀಕ್ಷೆಗೆ ರಕ್ತದ ಟ್ಯೂಬುಗಳನ್ನು ಜೋಡಿಸುತ್ತಿದ್ದಾರೆ. ಪ್ರತಿ ಮೇಜಿಗೆ ನಾಲ್ಕು ಒಳ್ಳೆಯವು, ಒಂದು ಕೆಟ್ಟದ್ದು. ಕೆಟ್ಟದ್ದರಲ್ಲಿ ರಕ್ತಕಣಗಳು ಒಡೆದು, ಹಳದಿ ಇರಬೇಕಾದ ಸೀರಮ್ ಕೆಂಪಗಾಗಿದೆ. ಯಂತ್ರಕ್ಕೆ ಹಾಕಿದರೆ ಪೊಟ್ಯಾಸಿಯಂ ಸುಳ್ಳುಸುಳ್ಳೇ ಏರಿ ಕಾಣುತ್ತದೆ. ಅದಕ್ಕೆ ಅಂಕಿ ಬರೆದವರು ನಪಾಸು. ‘ರಿಜೆಕ್ಟ್, ಮತ್ತೆ ರಕ್ತ ತೆಗೆಯಿರಿ’ ಎಂದು ಬರೆದವರು ಪಾಸು. ಹೀಗಾಗಿ ವಿದ್ಯಾರ್ಥಿಗಳಿಗೆ ಇವರು ‘ರಿಜೆಕ್ಟ್ ಬಾಯಿ’; ಮರಾಠಿಯಲ್ಲಿ ಬಾಯಿ ಎಂದರೆ ಮೇಡಂ. ಆ ಹೆಸರು ಇವರಿಗೂ ಗೊತ್ತು, ಬೇಸರವೇನಿಲ್ಲ.

ವಿಜಯಪುರದಿಂದ ಬಂದು ದಾದರ್‌ನ ಬಟ್ಟೆ ಅಂಗಡಿಯಲ್ಲಿ ದುಡಿದ ಬಂಡೆಪ್ಪನ ಮಗಳು. ಚಾಳಿನ ಗದ್ದಲದಲ್ಲೇ ಓದಿ ಲ್ಯಾಬ್ ಸೇರಿದವರು, ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡಿದರು. ಲೋಕಲ್ ರೈಲಿನಲ್ಲಿ ಸಾಗುವ ರಕ್ತ ಎಷ್ಟು ಕೆಡುತ್ತದೆ ಎಂಬುದೇ ಸಂಶೋಧನೆ. ಸ್ಯಾಂಪಲ್ ಡಬ್ಬಿ ಎದೆಗವಚಿಕೊಂಡು ನೂಕುನುಗ್ಗಲಿನಲ್ಲಿ ತಾವೇ ಓಡಾಡಿದರು. “ಟಿಫಿನ್ ಅನ್ಕೊಂಡು ಒಬ್ಬಾಕಿ ಜಾಗಾ ಬಿಟ್ಲು. ನಾ ಸುಮ್ನ ಕುಂತೆ,” ಎಂದು ನಗುತ್ತಾರೆ.

ರೋಗಿ ಗುಣವಾದರೆ ಹೂಗುಚ್ಛ ಡಾಕ್ಟರಿಗೆ. ವರದಿ ತಪ್ಪಾದಾಗ ಮಾತ್ರ ಲ್ಯಾಬಿನವರ ನೆನಪು. ಇವರ ಬಗ್ಗೆ ಬರೆಯಲು ಬಂದಿರುವ ನನಗಂತೂ ಇದು ಸಿಟ್ಟು ತರಿಸುತ್ತದೆ.

ಈಗ ಐದನೇ ಟ್ಯೂಬಿಗೇ ಸಂಚಕಾರ ಬಂದಿದೆ. ಹೋದ ವರ್ಷ ಅರ್ಧ ತರಗತಿ ಅಲ್ಲೇ ಮುಗ್ಗರಿಸಿತು. ಫಲಿತಾಂಶ ಬಿದ್ದರೆ ಸೇರುವವರೂ ಕಡಿಮೆಯಾಗುತ್ತಾರೆಂದು ಆಡಳಿತ ಮಂಡಳಿಗೆ ದಿಗಿಲು. ಪ್ರಾಂಶುಪಾಲ ಶಶಿಕಾಂತ ನಿನ್ನೆ ಕರೆದು, ಆ ಟ್ಯೂಬು ತೆಗೆಯದಿದ್ದರೆ ಮುಂದಿನ ವರ್ಷ ನಿಮ್ಮ ಗುತ್ತಿಗೆ ಮುಂದುವರಿಯುವುದು ಕಷ್ಟ ಎಂದರಂತೆ. ದಾನವ್ವ ಮನೆಗೆ ಹೋಗಿ ರೊಟ್ಟಿ ಬಡಿದು, ಉಂಡು ಮಲಗಿದರಂತೆ.

ಹೊರಗೆ ಕಾಯುತ್ತಿರುವವರಲ್ಲಿ ಯಕ್ಷಿತಾ ಇದ್ದಾಳೆ. ಉಡುಪಿ ಹೋಟೆಲಿನವರ ಮಗಳು, ಹೋದ ವರ್ಷ ನಪಾಸಾದವಳು. “ಮ್ಯಾಮ್ ಮೇಲೆ ತುಂಬಾ ಗುಸ್ಸಾ ಬಂದಿತ್ತು,” ಎನ್ನುತ್ತಾಳೆ ತಡವರಿಸುತ್ತಾ. “ಬಟ್, ಅದು ನನ್ನ ಅಜ್ಜಿದು ಬ್ಲಡ್ ಆಗಿದ್ರೆ?”

ಬಾಗಿಲು ತೆರೆಯುವ ಮೊದಲು ಶಶಿಕಾಂತ ಬರುತ್ತಾರೆ. ಮೇಜುಗಳನ್ನು ನೋಡಿ, ಐದನೇ ಟ್ಯೂಬು ಇನ್ನೂ ಯಾಕಿದೆ ಎಂದು ಕೇಳುತ್ತಾರೆ. ದಾನವ್ವ ಕೈಗವಸು ಬಿಚ್ಚುತ್ತಾ ನಿಧಾನಕ್ಕೆ ಹೇಳುತ್ತಾರೆ:

“ಇಷ್ಟು ವರ್ಷ ಈ ಹುಡುಗೂರಿಗಿ ‘ಇಲ್ಲ’ ಅನ್ನೂದನ್ನ ಕಲಿಸೀನ್ರಿ ಸರ್. ಇವತ್ತ ನಾನ ಹೂಂ ಅಂದ್ರ, ಫೇಲ್ ಆದಾಕಿ ನಾನ.”