ಮೇಸ್ತ್ರಿ ಬಾಯಿ ಹೊಲಿದ ತಪ್ಪು

ಕಣ್ಣಾಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಗೋಡೆಯೊಳಗೆ ವೈರು ಎಳೆದವನು, ಐವತ್ತು ದಾಟಿದ ಮೇಲೆ ಯಾರ ಮುಂದೆಯೂ ಕೈಕಟ್ಟಿ ಕೂರದೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತ. ರೋಗಿಗಳು ಡಾಕ್ಟರ ಭೇಟಿಗೆ ಹೊತ್ತು ಗೊತ್ತುಮಾಡಿಕೊಳ್ಳುವ ವೆಬ್‌ಸೈಟು ಅವನದೇ ಕೈಕೆಲಸ. ಆ ಹೆಮ್ಮೆಗೆ ಅಂಗಿಯ ಗುಂಡಿ ಕಿತ್ತುಹೋಗದಿದ್ದದ್ದೇ ಹೆಚ್ಚು.

ಟೀಚರಮ್ಮ ಅವನ ಕೈಕೆಳಗೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮಕ್ಕಳು ಕೈಗೆ ಬಂದ ಮೇಲೆ ಶಾಲೆಯಲ್ಲಿ ಪಾಠ ಹೇಳುವುದು ಬಿಟ್ಟು ಈ ಕೆಲಸ ಕಲಿತು ಬಂದವಳು. ಅವಳನ್ನು ಖಾಯಂ ಮಾಡುವುದೋ ಬಿಡುವುದೋ ಶುಕ್ರವಾರ ತೀರ್ಮಾನ. ಮೇಸ್ತ್ರಿ ಹೇಳಿದ್ದೇ ವೇದವಾಕ್ಯ. ಗುರುವಾರ ಬೆಳಿಗ್ಗೆ ಅವಳು ವೆಬ್‌ಸೈಟಿನ ಹಳೇ ಪ್ರೋಗ್ರಾಮನ್ನು ಹಸನು ಮಾಡಿ ಸರ್ವರಿಗೆ ಏರಿಸಿದಳು. ವೆಬ್‌ಸೈಟು ಮೇಲೇಳಲಿಲ್ಲ. ರೋಗಿಗಳ ಪಟ್ಟಿ ಆಗಲೇ ನೋಂದಣಿಯಾಗಿದೆ, ಇನ್ನೊಮ್ಮೆ ಆಗದು ಎಂದು ಪರದೆ ಹಠ ಹಿಡಿಯಿತು.

ಮೇಸ್ತ್ರಿ ಮ್ಯಾನೇಜರ ಎದುರೇ ಅವಳನ್ನು ಜಾಡಿಸಿದ. ಪಾಠ ಹೇಳಿದಷ್ಟು ಸಲೀಸಲ್ಲಮ್ಮ ಇದು, ಒಂದೇ ಮಗುವಿಗೆ ಎರಡು ಸಲ ಹಾಜರಿ ಕೂಗಿದ್ದೀರಿ ಅಂದ. ಅವಳು ತೆರೆದಿದ್ದ ಫೈಲನ್ನು ಮುಚ್ಚಿದಳು. ಮ್ಯಾನೇಜರು ಅವಳನ್ನೊಮ್ಮೆ ನೋಡಿ, ತಲೆಯಾಡಿಸಿ ಹೋದರು. ಶುಕ್ರವಾರ ಏನಾಗುತ್ತದೆಂದು ಇಬ್ಬರಿಗೂ ಗೊತ್ತಾಯಿತು.

ಆಮೇಲೆ ಮೇಸ್ತ್ರಿ ಕೂತು ಹುಡುಕಿದ. ಪಟ್ಟಿ ನೋಂದಾಯಿಸುವ ಒಂದೇ ಸಾಲು ಎರಡು ಫೈಲಿನಲ್ಲಿತ್ತು. ಎರಡೂ ಅವನವೇ, ಪಕ್ಕದಲ್ಲಿ ಅವನೇ ಹಾಕಿದ ತಾರೀಖು! ತಾನು ಬರೆದದ್ದರ ಪಕ್ಕ ತಾರೀಖು ಹಾಕುವುದು ವೈರುಗಳಿಗೆ ಚೀಟಿ ಕಟ್ಟುತ್ತಿದ್ದ ಕಾಲದ ಚಾಳಿ. ಹೋದ ವರ್ಷವೇ ಈ ತಪ್ಪು ತಲೆಯೆತ್ತಿತ್ತು. ಬೇರು ಹುಡುಕುವ ವ್ಯವಧಾನವಿಲ್ಲದೆ, ತಪ್ಪು ಕಂಡರೂ ಸುಮ್ಮನೆ ಮುಂದೆ ಹೋಗು ಎಂದು ಕಂಪ್ಯೂಟರಿಗೆ ಮೂರು ಸಾಲು ಬರೆದು ಅದರ ಬಾಯಿ ಹೊಲಿದಿದ್ದ. ಟೀಚರಮ್ಮ ಹಸನು ಮಾಡುವಾಗ ಆ ಹೊಲಿಗೆ ಬಿಚ್ಚಿದ್ದಳು, ಅಷ್ಟೇ.

ಮುಖ ಕಾದ ಹೆಂಚಾಯಿತು. ಎರಡನೆಯ ಸಾಲು ಅಳಿಸಿದ. ವೆಬ್‌ಸೈಟು ಎದ್ದು ಕೂತಿತು. ಸಾಲಿನ ಜತೆ ತಾರೀಖೂ ಹೋಯಿತು. ಇನ್ನು ನಾಯಿನರಿಗೂ ಗೊತ್ತಾಗದು ಎಂದು ಉಸಿರು ಬಿಟ್ಟ.

“ಆ ತಾರೀಖು ನಾನು ಬೆಳಿಗ್ಗೇನೇ ನೋಡಿದೆ ಅಣ್ಣ,” ಅಂದಳು ಹಿಂದಿನಿಂದ ಟೀಚರಮ್ಮ.

“ಮತ್ತೆ ಯಾಕಮ್ಮ ಬಾಯಿ ಬಿಡಲಿಲ್ಲ?”

“ಇನ್ನೊಬ್ಬರ ಮುಂದೆ ನಿಮ್ಮ ಮರ್ಯಾದೆ ತೆಗೆಯೋಕೆ ನನಗೆ ಮನಸ್ಸು ಬರಲಿಲ್ಲ. ನಿಮಗೆ ಬಂತು.”

ಅಳಿಸಿದ ಸಾಲನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದುಕೊಂಡು ಮೇಸ್ತ್ರಿ ಎದ್ದ. ಮ್ಯಾನೇಜರ ಕೋಣೆಗೆ ಹದಿನೈದು ಹೆಜ್ಜೆ. ಬೈದ ಜಾಗದಲ್ಲೇ ಒಪ್ಪಿಕೊಳ್ಳಬೇಕು, ಬನ್ನಿ ಸಾರ್ ಎಂದು ಅವರನ್ನು ಕರೆತಂದು, ಅವಳ ಮೇಜಿನ ಮೇಲೆ ಚೀಟಿ ಇಟ್ಟ.

ಶುಕ್ರವಾರ ಟೀಚರಮ್ಮ ಖಾಯಂ ಆದಳು. ಈಗಲೂ ಅಣ್ಣ ಅಂತಲೇ ಕರೆಯುತ್ತಾಳೆ. ಅವನು ಓಗೊಡುತ್ತಾನೆ, ಮುಖ ಎತ್ತುವುದಿಲ್ಲ.