ಸೀಟಿನಡಿಯ ತಂತಿ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್‌ನಲ್ಲಿ ನಾನು ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಿದ್ದೆ. ಅಲ್ಲಿದ್ದಾಗ ಇದನ್ನು ಹೇಳುವ ಧೈರ್ಯವಿರಲಿಲ್ಲ.

ಚಾಲಕ ಎದ್ದರೆ ಬ್ಲೇಡು ತಾನಾಗಿಯೇ ನಿಲ್ಲಲೆಂದು ಗಾಡಿಯ ಸೀಟಿನಡಿ ಒಂದು ಸ್ವಿಚ್ ಇರುತ್ತದೆ. ಹುಲ್ಲಿನ ಮೇಲೆ ಅಡ್ಡ ಬಿದ್ದಿರುತ್ತಿದ್ದ ನೀರಿನ ಪೈಪು ಸರಿಸಲು ಪದೇ ಪದೇ ಇಳಿಯಬೇಕಿತ್ತು. ಪ್ರತಿ ಸಲವೂ ಬ್ಲೇಡು ನಿಂತು ನನಗೆ ಬೇಸರವಾಗುತ್ತಿತ್ತು. ಬೇರೆ ಡ್ರೈವರುಗಳಂತೆ ನಾನೂ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದುಬಿಟ್ಟೆ. ಆಮೇಲೆ ಇಳಿದರೂ ಬ್ಲೇಡು ತಿರುಗುತ್ತಲೇ ಇರುತ್ತಿತ್ತು.

ನನ್ನ ಹಿಂದೆ ಹುಲ್ಲು ಬಾಚಲು ಯಾದಗಿರಿ ಕಡೆಯ ಒಬ್ಬ ಹೆಂಗಸಿದ್ದಳು. ಅವಳು ಹೊಸದಾಗಿ ಬಂದಾಗ, "ನಾನು ಇಳಿದ್ರೆ ಬ್ಲೇಡ್ ನಿಂತೋಗುತ್ತೆ ಕಣಮ್ಮ, ಹೆದರ್ಬೇಡ" ಎಂದು ನಾನೇ ಹೇಳಿಕೊಟ್ಟಿದ್ದೆ. ತಂತಿ ಹೆಣೆದ ಮೇಲೆ ಅದನ್ನು ತಿದ್ದಿ ಹೇಳಲಿಲ್ಲ.

ಒಂದು ಮಧ್ಯಾಹ್ನ ಒದ್ದೆ ಹುಲ್ಲು ಬ್ಲೇಡಿನ ಬಾಯಿಗೆ ಕಟ್ಟಿಕೊಂಡಿತು. ಬ್ಲೇಡು ನಿಲ್ಲಿಸದೆ, ಕೀಲಿ ತಿರುಗಿಸದೆ, ಪೈಪು ಎಳೆಯಲು ಇಳಿದೆ. ಖಾಲಿ ಸೀಟು ನೋಡಿ, ಬ್ಲೇಡು ನಿಂತಿದೆ ಎಂದುಕೊಂಡು ಅವಳು ಹುಲ್ಲು ಕೀಳಲು ಕೈ ಹಾಕಿದಳು. ಎರಡು ಬೆರಳು ಹೋದವು.

ಅವಳನ್ನು ಆಸ್ಪತ್ರೆಗೆ ಕರೆದೊಯ್ದ ಕೂಡಲೇ ನಾನು ತಂತಿ ಬಿಡಿಸಿ ಮೊದಲಿನಂತೆ ಜೋಡಿಸಿದೆ. ಸೂಪರ್‌ವೈಸರ್ ಬಂದು ಪರೀಕ್ಷಿಸಿದಾಗ ಸ್ವಿಚ್ ಸರಿಯಾಗಿಯೇ ಇತ್ತು.

"ನಾನು ಇಳಿಯೋದ್ರೊಳಗೇ ಕೈ ಹಾಕ್ಬಿಟ್ಲು ಸಾರ್" ಅಂದೆ.

ಅವಳದೇ ತಪ್ಪೆಂದು ಕೆಲಸದಿಂದ ತೆಗೆದರು. ನೋಡಲು ಹೋದಾಗ ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನೀವ್ ಇಳಿದಂಗ ಕಂಡಿತ್ರಿ ಯಣ್ಣಾ. ನಾನ ಗಡಿಬಿಡಿ ಮಾಡಿದ್ನೇನೋ."

"ಹೌದಮ್ಮ" ಅಂದೆ. "ನೀನೇ ಗಡಿಬಿಡಿ ಮಾಡ್ಬಿಟ್ಟೆ."